ಮಳೆಗಾಲದಲ್ಲಿ ನಿಲ್ಲಿಸಿಟ್ಟ ದೋಣಿಯ ಡೀಸೆಲ್‌ಗೆ ನೀರು ಎಲ್ಲಿಂದ ಬರುತ್ತದೆ?

ಸಾಮಾನ್ಯವಾಗಿ ಟ್ಯಾಂಕಿನ ಮುಚ್ಚಳದಿಂದ. ಅದರ ರಬ್ಬರ್ ರಿಂಗ್ ಒಣಗಿ ಬಿರುಕು ಬಿಟ್ಟಿದ್ದರೆ ಸಾಕು, ನಮ್ಮ ಶರಾವತಿ ಹಿನ್ನೀರಿನ ಜಡಿಮಳೆ ದಾರಿ ಹುಡುಕಿಕೊಳ್ಳುತ್ತದೆ. ಅರ್ಧ ಖಾಲಿ ಟ್ಯಾಂಕ್ ಒಳಗೇ ಬೆವರುತ್ತದೆ ಅನ್ನುವುದೂ ಸುಳ್ಳಲ್ಲ. ಆದರೆ ಲೆಕ್ಕ ಹಾಕಿ: 25 ಡಿಗ್ರಿಯಲ್ಲಿ 50 ಲೀಟರ್ ಗಾಳಿ ಹಿಡಿದಿಡುವ ನೀರು ಹೆಚ್ಚೆಂದರೆ ಒಂದು ಗ್ರಾಂ ಚಿಲ್ಲರೆ. ಲೋಟಗಟ್ಟಲೆ ಸಿಕ್ಕಿದರೆ ಮೊದಲು ಮುಚ್ಚಳ ನೋಡಿ. ಬೆವರದಂತೆ ಟ್ಯಾಂಕ್ ತುಂಬಿಸಿಡುವ ಮಾತು ಆಮೇಲೆ.

ಡೀಸೆಲ್ ನೀರಿಗಿಂತ ಹಗುರ, ಲೀಟರಿಗೆ ಸುಮಾರು 830 ಗ್ರಾಂ. ಹಾಗಾಗಿ ನೀರು ತಳದಲ್ಲಿ ಸುಮ್ನೆ ಕೂತಿರುತ್ತದೆ. ದೋಣಿ ಓಲಾಡಿದಾಗ ಕದಡಿ ಪೈಪಿಗೆ ಹೋಗುತ್ತದೆ. ದಡದಲ್ಲಿ ಚೆನ್ನಾಗಿದ್ದ ಎಂಜಿನ್ ನಡುನೀರಿನಲ್ಲೇ ಕೈಕೊಡುವುದು ಇದಕ್ಕೇ ಅಲ್ವಾ! ಪಂಪಿಗೆ, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳಿಗೆ ಜಾರಿಕೆ ಕೊಡುವುದೂ ಡೀಸೆಲ್ಲೇ. ನೀರು ಹೊಕ್ಕರೆ ಅವು ಸವೆದು ತುಕ್ಕು ಹಿಡಿಯುತ್ತವೆ.

ಟ್ಯಾಂಕಿಗೂ ಎಂಜಿನ್ನಿಗೂ ನಡುವೆ ನೀರು ಬೇರ್ಪಡಿಸುವ ಫಿಲ್ಟರ್ ಇರಲಿ. ಹೊರಡುವ ಮೊದಲು ಅದರ ತಳದ ತಿರುಪು ಸಡಿಲಿಸಿ, ಗಾಜಿನ ಬಾಟಲಿಗೆ ಸ್ವಲ್ಪ ಹಿಡಿಯಿರಿ. ತಳದಲ್ಲಿ ಬೇರೆ ಪದರ ಕಂಡರೆ ಅದೇ ನೀರು. ಬರೀ ಡೀಸೆಲ್ ಬರುವವರೆಗೆ ಹರಿಯಬಿಡಿ. ಕೆಲವು ಎಂಜಿನ್‌ಗಳಲ್ಲಿ ಆಮೇಲೆ ಡೀಸೆಲ್ ಪೈಪಿಗೆ ಸೇರಿಕೊಂಡ ಗಾಳಿಯನ್ನೂ ತೆಗೆಯಬೇಕಾಗುತ್ತದೆ.