ರೋಸನ್‌ವಾಲ್ಡ್ ನಿಧಿ ಕಪ್ಪು ಜನರ ಶಾಲೆಗಳಿಗೆ ಹಣ ಕೊಡುತ್ತಿದ್ದದ್ದು ಹೇಗೆ?

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರಿಗೊಂದು ಶಾಲೆ, ಕಪ್ಪು ಜನರಿಗೊಂದು. ಸರ್ಕಾರದ ದುಡ್ಡು ಜಾಸ್ತಿ ಹೋಗುತ್ತಿದ್ದದ್ದು ಬಿಳಿಯರ ಶಾಲೆಗೆ. ಅಂಚೆ ಮೂಲಕ ಸರಕು ಮಾರುತ್ತಿದ್ದ ಸಿಯರ್ಸ್ ಕಂಪನಿಯ ಮುಖ್ಯಸ್ಥ ಜೂಲಿಯಸ್ ರೋಸನ್‌ವಾಲ್ಡ್, ಕಪ್ಪು ಜನರ ಮುಖಂಡ, ಶಿಕ್ಷಣ ತಜ್ಞ ಬುಕರ್ ಟಿ. ವಾಷಿಂಗ್ಟನ್ ಜೊತೆ ಸೇರಿ ಶಾಲೆ ಕಟ್ಟಿಸಲು ಶುರು ಮಾಡಿದರು. 1917ರಲ್ಲಿ ರೋಸನ್‌ವಾಲ್ಡ್ ತಮ್ಮ ಹೆಸರಿನ ನಿಧಿ ಸ್ಥಾಪಿಸಿದರು.

ನಿಧಿ ಸುಮ್ನೆ ಪೂರ್ತಿ ಹಣ ಕೊಡುತ್ತಿರಲಿಲ್ಲ. ತಾನೊಂದು ಪಾಲು ಹಾಕುತ್ತಿತ್ತು; ಉಳಿದದ್ದನ್ನು ಊರಿನವರೂ ಸರ್ಕಾರವೂ ಭರಿಸಬೇಕು. ಶಾಲೆಯನ್ನು ಸರ್ಕಾರವೇ ನಡೆಸಬೇಕು. ನನಗೆ ಮುಖ್ಯ ಅನಿಸುವುದು ಈ ಕೊನೆಯ ಷರತ್ತು, ಸರ್ಕಾರ ಕೈತೊಳೆದುಕೊಳ್ಳುವಂತಿರಲಿಲ್ಲ. ಕಪ್ಪು ರೈತರು ಹೊಲದ ಒಂದು ಭಾಗದಲ್ಲಿ ಶಾಲೆಗೆಂದೇ ಹತ್ತಿ ಬೆಳೆದು ಮಾರಿದರು. ಮರ ಕೊಟ್ಟರು, ತಾವೇ ದುಡಿದರು. ತೆರಿಗೆ ಕಟ್ಟಿದವರೇ ಮತ್ತೆ ಚಂದಾ ಎತ್ತಬೇಕಾದದ್ದು ಅನ್ಯಾಯವೇ ಅಲ್ವಾ? ಆದರೂ 1932ರ ಹೊತ್ತಿಗೆ 15 ರಾಜ್ಯಗಳಲ್ಲಿ ಸುಮಾರು 5,000 ಶಾಲೆಗಳು ಎದ್ದವು.

ಅಸಲನ್ನೂ ಕೂಡಿಡದೆ ಖರ್ಚು ಮಾಡಬೇಕೆಂಬುದು ರೋಸನ್‌ವಾಲ್ಡ್ ಇಚ್ಛೆ. ಹಾಗಾಗಿ 1948ರಲ್ಲಿ ನಿಧಿ ಮುಚ್ಚಿತು.