ತಾಯಿ ಇಲ್ಲದ ನಾಯಿಮರಿ ತಣ್ಣಗೆ ಬಿದ್ದಿದೆ, ಹಾಲು ಕುಡಿಸಬಹುದಾ?

ಮೊದಲು ಮೈ ಬೆಚ್ಚಗಾಗಲಿ, ಹಾಲು ಆಮೇಲೆ. ಕಣ್ಣು ಬಿಡದ ಮರಿಗೆ ಮೊದಲ ವಾರ ಚಳಿಗೆ ನಡುಗಲೂ ಬರುವುದಿಲ್ಲ. ತಾಯಿಯ ಮೈಕಾವೇ ಅದಕ್ಕೆ ಒಲೆ. ಮೈ ತಣ್ಣಗಾದರೆ ಕರುಳೂ ಕೆಲಸ ನಿಲ್ಲಿಸುತ್ತದೆ. ಆಗ ಕುಡಿಸಿದ ಹಾಲು ಹೊಟ್ಟೆಯಲ್ಲೇ ಕೂತು ಉಬ್ಬರಿಸುತ್ತದೆ, ಇಲ್ಲವೇ ಶ್ವಾಸಕೋಶಕ್ಕೆ ಇಳಿಯುತ್ತದೆ. ಪಾಪ ಹಸಿದಿದೆ ಅಂತ ಸುಮ್ನೆ ಸುರಿಯಬೇಡಿ.

ಬಿಸಿನೀರಿನ ಬಾಟಲಿಗೆ ಟವಲ್ ಸುತ್ತಿ ರಟ್ಟಿನ ಡಬ್ಬದ ಒಂದು ಪಕ್ಕ ಇಡಿ. ಇನ್ನೊಂದು ಪಕ್ಕ ಖಾಲಿ ಇರಲಿ, ಸೆಕೆಯಾದರೆ ಮರಿ ತೆವಳಿಕೊಂಡು ಹೋಗಬೇಕಲ್ವಾ? ನಿಧಾನವಾಗಿ, ಒಂದೆರಡು ಗಂಟೆ. ಬಾಯೊಳಗೆ ಕಿರುಬೆರಳು ಇಟ್ಟು ನೋಡಿ. ತಣ್ಣಗಿದ್ದರೆ ಇನ್ನೂ ಕಾಯಿರಿ. ಬೆಚ್ಚಗಿದ್ದು ಬೆರಳು ಚೀಪಿದರೆ ಹಾಲು ಕೊಡಬಹುದು. ಥರ್ಮಾಮೀಟರ್ ಇದ್ದರೆ 35 ಡಿಗ್ರಿ ಸೆಲ್ಸಿಯಸ್ ದಾಟಿರಲಿ.

ಹಾಲು ಅಂದರೆ ನಾಯಿಮರಿಗಳಿಗೆಂದೇ ಸಿಗುವ ಹಾಲಿನ ಪುಡಿ. ನಾಯಿ ಹಾಲಿನಲ್ಲಿ ಕೊಬ್ಬು, ಪ್ರೋಟೀನ್ ಹಸುವಿನ ಹಾಲಿನ ಸುಮಾರು ಎರಡು ಪಟ್ಟು ಇರುತ್ತದೆ. ಮಗುವಿನ ಹಾಗೆ ಅಂಗಾತ ಹಿಡಿಯಬೇಡಿ. ಹೊಟ್ಟೆ ಕೆಳಗಾಗಿ ಮಲಗಿಸಿ, 2–3 ಗಂಟೆಗೊಮ್ಮೆ ಕುಡಿಸಿ. ಆಮೇಲೆ ಒದ್ದೆ ಹತ್ತಿಯಿಂದ ಬಾಲದ ಕೆಳಗೆ ಮೆಲ್ಲಗೆ ಒರೆಸಿ. ತಾಯಿ ನೆಕ್ಕದಿದ್ದರೆ ಸುಮಾರು ಮೂರು ವಾರದವರೆಗೆ ಅವಕ್ಕೆ ಉಚ್ಚೆಯೂ ತಾನಾಗಿ ಬರುವುದಿಲ್ಲ.