ಒಂದೇ ಗೊಬ್ಬರ ಹಾಕಿದರೂ ಗದ್ದೆಯ ಒಂದು ಮೂಲೆ ಯಾಕೆ ಸೊರಗುತ್ತದೆ?

ಪ್ರಶ್ನೆ: ನಮಗೆ ನಾಲೆ ನೀರಿನ 3 ಎಕರೆ ಇದೆ. ಎತ್ತರದಲ್ಲಿ ಕಬ್ಬು, ತಗ್ಗಿನಲ್ಲಿ ಭತ್ತ. ತಗ್ಗಿನ ಒಂದು ಮೂಲೆಯಲ್ಲಿ ಪೈರು ಏಳುವುದೇ ಇಲ್ಲ. ಯೂರಿಯಾ ಜಾಸ್ತಿ ಕೊಟ್ಟೆವು, ಪ್ರಯೋಜನ ಆಗಲಿಲ್ಲ. ಮಣ್ಣು ಆರೋಗ್ಯ ಚೀಟಿಯಲ್ಲಿ ಎಲ್ಲ ಸರಿ ಇದೆ ಅಂತಿದೆ. ಏನು ಮಾಡಲಿ?
– ರೈತ, ಮದ್ದೂರು ತಾಲ್ಲೂಕು

ಉತ್ತರ: ಚೀಟಿ ಸುಳ್ಳು ಹೇಳುತ್ತಿಲ್ಲ. ಆದರೆ ಅದು ನಿಮ್ಮ ಆ ಮೂಲೆಯ ಮಾತು ಆಗಿರಲಿಕ್ಕಿಲ್ಲ. 2015ರಲ್ಲಿ ಮಣ್ಣು ಪರೀಕ್ಷಿಸಿ ಚೀಟಿ ಕೊಡುವ ಈ ಯೋಜನೆ ಶುರುವಾದಾಗ ನೀರಾವರಿ ಜಮೀನಿನಲ್ಲಿ ಎರಡೂವರೆ ಹೆಕ್ಟೇರಿಗೆ, ಅಂದರೆ 6 ಎಕರೆಗೂ ಮೇಲೆ, ಒಂದೇ ಮಾದರಿ ತೆಗೆಯುವ ಲೆಕ್ಕವಿತ್ತು. ಆ ಮಣ್ಣು ಪಕ್ಕದವರ ಗದ್ದೆಯದೂ ಆಗಿರಬಹುದು, ಅಲ್ವಾ?

ಹಾಗಾಗಿ ಮೊದಲು ನಿಮ್ಮ ಜಮೀನಿನ ನಕ್ಷೆಯನ್ನು ನೀವೇ ಬರೆಯಿರಿ. ಒಂದು ಹಾಳೆ ಸಾಕು. ನಾಲೆ ಎಲ್ಲಿ, ನೀರು ಎತ್ತ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಪೈರು ಎಲ್ಲಿ ಚೆನ್ನಾಗಿದೆ, ಎಲ್ಲಿ ಕುಂಟುತ್ತದೆ ಅಂತ ಗುರುತು ಹಾಕಿ. ಮಣ್ಣಿನ ಬಣ್ಣ ಬದಲಾಗುವ ಜಾಗಕ್ಕೆ ಗೆರೆ ಎಳೆಯಿರಿ. ಹೀಗೆ ಆದ ಒಂದೊಂದು ತಾಕಿಗೂ ಬೇರೆ ಮಾದರಿ ಬೇಕು. ಒಳ್ಳೆಯ ಮಣ್ಣನ್ನೂ ಕೆಟ್ಟ ಮಣ್ಣನ್ನೂ ಬೆರೆಸಿ ಕಳಿಸಿದರೆ ವರದಿ 'ಸಾಧಾರಣ' ಅನ್ನುತ್ತದೆ, ರೋಗ ಮುಚ್ಚಿಹೋಗುತ್ತದೆ.

ತಾಕಿನಲ್ಲಿ ಅಡ್ಡಾದಿಡ್ಡಿ ನಡೆದು 8–10 ಕಡೆ ಅರ್ಧ ಅಡಿ ಆಳದವರೆಗಿನ ಮಣ್ಣು ತೆಗೆಯಿರಿ. ಬದು, ತಿಪ್ಪೆ, ಮರದ ಬುಡ ಬೇಡ. ಎಲ್ಲ ಬೆರೆಸಿ, ನೆರಳಲ್ಲಿ ಆರಿಸಿ, ಅರ್ಧ ಕೆಜಿ ಕೊಡಿ.

ನಿಮ್ಮ ಮೂಲೆಯ ಬಗ್ಗೆ ನನ್ನ ಅನುಮಾನ ಸವಳಿನ, ಅಂದರೆ ಉಪ್ಪು ಸೇರಿ ಮಣ್ಣು ಕೆಡುವುದರ, ಮೇಲೆ. ವಿಶ್ವೇಶ್ವರಯ್ಯ ನಾಲೆ ಬಯಲಿನ ತಗ್ಗುಗಳಲ್ಲಿ ಬಸಿಯದ ನೀರು ಉಪ್ಪನ್ನು ಮೇಲೆ ತರುತ್ತದೆ. ಒಣಗಿದಾಗ ಬಿಳಿ ಪುಡಿ ಕಂಡರೆ ಅದು ಉಪ್ಪು. ಬಸಿಗಾಲುವೆ ತೆಗೆದು ಒಳ್ಳೆ ನೀರು ಹಾಯಿಸಿ ತೊಳೆದರೆ ಇಳಿಯುತ್ತದೆ. ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) 8.5 ದಾಟಿ, ಮಣ್ಣು ಗಟ್ಟಿಯಾಗಿ, ನೀರು ಇಂಗದೆ ಕೂತರೆ ಅದು ಸೋಡಿಯಂ ಕಾಟ. ಅದಕ್ಕೆ ಜಿಪ್ಸಂ ಬೇಕು, ಎಷ್ಟು ಅನ್ನೋದನ್ನು ಪ್ರಯೋಗಾಲಯದಲ್ಲಿ ಕೇಳಿ. ಆದರೆ ನೀರು ಬಸಿಯುವ ದಾರಿ ಇಲ್ಲದೆ ಜಿಪ್ಸಂ ಸುರಿದರೆ ದುಡ್ಡು ಸುಮ್ನೆ ಹೋಯ್ತು.

ಇಲ್ಲಿ ಇನ್ನೊಂದು ತೊಡಕಿದೆ. ಪಿಎಚ್ ಏರಿದ ಗದ್ದೆಯಲ್ಲಿ ಸತು (ಜಿಂಕ್) ಇದ್ದರೂ ಬೇರಿಗೆ ಸಿಗುವುದಿಲ್ಲ. ನಾಟಿಯಾದ ಎರಡು-ಮೂರು ವಾರಕ್ಕೆ ಎಲೆ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಬಂದು ಪೈರು ಕುಗ್ಗಿತಾ, ನೋಡಿ. ವರದಿಯಲ್ಲಿ ಸತು 0.6 ಪಿಪಿಎಂಗಿಂತ (ಕೆಜಿ ಮಣ್ಣಿಗೆ 0.6 ಮಿಲಿಗ್ರಾಂ) ಕಡಿಮೆ ಇದ್ದರೆ ಎಕರೆಗೆ 8 ಕೆಜಿ ಸತುವಿನ ಸಲ್ಫೇಟ್ ಕೊಡಿ, ಡಿಎಪಿ ಗೊಬ್ಬರದ ಜೊತೆ ಮಾತ್ರ ಬೆರೆಸಬೇಡಿ. ಕೊರತೆ ಸತುವಿನದಾದರೆ ಎಷ್ಟು ಯೂರಿಯಾ ಸುರಿದರೂ ಪೈರು ಏಳದು.

ಎತ್ತರದ ಕೆಂಪು ಮಣ್ಣಿನ ಕತೆ ಬೇರೆ. ಅಲ್ಲಿ ಸಾಮಾನ್ಯವಾಗಿ ಸಾವಯವ ಇಂಗಾಲವೇ (ಕೊಳೆತ ಸೊಪ್ಪು-ಸದೆಯಿಂದ ಮಣ್ಣಿಗೆ ಸೇರುವ ಸತ್ವ) ಕಡಿಮೆ. ಅರ್ಧ ಪರ್ಸೆಂಟಿಗಿಂತ ಕೆಳಗಿದ್ದರೆ ಕಬ್ಬಿನ ತರಗು ಸುಡುವುದನ್ನು ಮೊದಲು ನಿಲ್ಲಿಸಿ, ಸಾಲಿನ ನಡುವೆ ಹರಡಿ.

ಮಾದರಿಯನ್ನು ಕೊಯ್ಲಾದ ಮೇಲೆ, ಮುಂದಿನ ಬೆಳೆಗೆ ಗೊಬ್ಬರ ಹಾಕುವ ಮೊದಲು ತೆಗೆಯಿರಿ. ರೈತ ಸಂಪರ್ಕ ಕೇಂದ್ರದಲ್ಲಿ ಕೊಡಬಹುದು. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರಕ್ಕೆ ಹೋಗುವುದಾದರೆ ನಿಮ್ಮ ಕೈಬರಹದ ನಕ್ಷೆಯನ್ನೂ ಜೊತೆಗೆ ಒಯ್ಯಿರಿ.